ಹಳೇ ಬೋಟು ಕೊಳ್ಳುವ ಮುನ್ನ ಎಂಜಿನ್ ನೋಡುವುದು ಹೇಗೆ?

ಅಳಿವೆ ದಾಟುವಾಗ ಎಂಜಿನ್ ನಿಂತರೆ ಏನಾಗುತ್ತದೆ ಅಂತ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆ ನದಿಯ ಸೆಳೆತ, ಇನ್ನೊಂದು ಕಡೆ ಮುರಿದು ಬೀಳುವ ತೆರೆ, ಕೆಳಗೆ ಮರಳ ದಿಬ್ಬ. ಎರಡು ನಿಮಿಷ ಎಂಜಿನ್ ಕೈಕೊಟ್ಟರೆ ಸಾಕು, ಬೋಟು ತೆರೆಗೆ ಅಡ್ಡ ತಿರುಗುತ್ತದೆ. ಒಳಗೆ ಏಳೆಂಟು ಜನರ ಜೀವ ಇರುತ್ತದೆ. ಹಾಗಾಗಿ ಹಳೇ ಬೋಟು ನೋಡಲು ಹೋದಾಗ ಬಣ್ಣ, ಕ್ಯಾಬಿನ್, ಬಲೆ, ಫಿಶ್ ಫೈಂಡರ್ ಎಲ್ಲ ಆಮೇಲೆ. ಮೊದಲು ಎಂಜಿನ್ ಕೋಣೆಗೆ ಇಳಿಯಿರಿ.

ಮಲ್ಪೆ, ಗಂಗೊಳ್ಳಿ, ಮಂಗಳೂರು, ಹೊನ್ನಾವರ, ಕಾರವಾರದಂಥ ಕಡೆ ಸೆಕೆಂಡ್ ಹ್ಯಾಂಡ್ ಟ್ರಾಲ್ ಬೋಟು (ಹಿಂದೆ ಬಲೆ ಎಳೆದುಕೊಂಡು ಹೋಗುವ ಬೋಟು) ಕೊಳ್ಳಲು ಹೊರಟವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಾಡದೋಣಿಯ ಹಿಂದೆ ಹೊರಗಡೆ ಕಟ್ಟುವ ಔಟ್‌ಬೋರ್ಡ್ ಮೋಟಾರು ಹುಡುಕುವವರಿಗೂ ಕೊನೆಯ ಕಡೆ ಒಂದಿಷ್ಟು ಇದೆ. ಬೋಟಿನ ಒಡಲು, ಅಂದರೆ ಮರ, ಫೈಬರ್, ಕಬ್ಬಿಣದ ತಪಾಸಣೆ ಬೇರೆಯೇ ದೊಡ್ಡ ವಿಷಯ. ಅದಕ್ಕೆ ಇಲ್ಲಿ ಕೈ ಹಾಕುವುದಿಲ್ಲ.

ನೋಡುವುದು ಮೇ ತಿಂಗಳಲ್ಲಿ, ಕೊಳ್ಳುವುದು ಜೂನ್‌ನಲ್ಲಿ

ನಮ್ಮಲ್ಲಿ ಬೋಟಿನ ವ್ಯಾಪಾರ ಕುದುರುವುದು ಯಾವಾಗ? ಮಳೆಗಾಲದ ರಜೆಯಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಕಡಲಿಗಿಳಿಯಲು ನಿಷೇಧ. ಆಗ ಎಲ್ಲರಿಗೂ ಪುರುಸೊತ್ತು. ಮಾರುವವರೂ ಸಿಗುತ್ತಾರೆ, ದಲ್ಲಾಳಿಗಳೂ ಸಿಗುತ್ತಾರೆ. ಆದರೆ ಎಂಜಿನ್ ನೋಡಲು ವರ್ಷದಲ್ಲೇ ಅತಿ ಕೆಟ್ಟ ಕಾಲ ಅದು. ಬೋಟು ದಕ್ಕೆಯಲ್ಲಿ ಕಟ್ಟಿರುತ್ತದೆ, ಇಲ್ಲವೇ ದಡ ಹತ್ತಿರುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿ ತೋರಿಸುತ್ತಾರೆ. ಸದ್ದು ಗಟ್ಟಿಯಾಗಿ ಬರುತ್ತದೆ. ಕಡಲಿಗೆ ಹೋಗಿ ನೋಡೋಣ ಅಂದರೆ ದಾರಿಯಿಲ್ಲ.

ಇದರ ಪೆಟ್ಟು ನಮ್ಮ ಮನೆಯವರೇ ತಿಂದಿದ್ದೇವೆ. ಒಂದು ವರ್ಷ ಜುಲೈನಲ್ಲಿ ಒಂದು ಬೋಟು ಕೊಂಡೆವು. ಎಂಜಿನ್‌ಗೆ ಹೊಸ ಹಸಿರು ಬಣ್ಣ ಬಳಿದಿದ್ದರು. ಅರ್ಧ ಗಂಟೆ ನಿಂತಲ್ಲೇ ಓಡಿಸಿದರು, ಮೀಟರಿನ ಮುಳ್ಳು ಅಲುಗಲಿಲ್ಲ. ಆಗಸ್ಟ್‌ನಲ್ಲಿ ಎರಡನೇ ಟ್ರಿಪ್. ಬಲೆ ಎಳೆಯಲು ಶುರು ಮಾಡಿ ಮೂರು ಗಂಟೆ ಆಗಿತ್ತು. ಬಿಸಿ ಏರಿತು, ಹಬೆ ಬಂತು, ಸಿಲಿಂಡರುಗಳ ಮೇಲೆ ಕೂರುವ ಹೆಡ್ ಬಿರುಕು ಬಿಟ್ಟಿತು. ಬೇರೆ ಬೋಟಿನವರು ಹಗ್ಗ ಹಾಕಿ ಎಳೆದು ತಂದರು. ಬಿಚ್ಚಿ ನೋಡಿದಾಗ ಕಥೆ ಗೊತ್ತಾಯಿತು. ಎಂಜಿನ್ನಿನ ನೀರನ್ನು ಸಮುದ್ರದ ನೀರಿನಿಂದ ತಣಿಸುವ ಹೀಟ್ ಎಕ್ಸ್‌ಚೇಂಜರಿನ ಕೊಳವೆಗಳು ಅರ್ಧಕ್ಕರ್ಧ ಕಟ್ಟಿಕೊಂಡಿದ್ದವು. ಅದು ಕಾಣದಿರಲಿ ಅಂತ, ಎಂಜಿನ್ ಬಿಸಿಯಾಗುವ ತನಕ ತಂಪು ನೀರನ್ನು ತಡೆದಿಡುವ ಥರ್ಮೋಸ್ಟಾಟನ್ನೇ ಕಿತ್ತು ಹಾಕಿದ್ದರು. ಲೋಡ್ ಇಲ್ಲದೆ ನಿಂತಾಗ ಅಂಥ ಎಂಜಿನ್ ತಣ್ಣಗೇ ಇರುತ್ತದೆ. ಬಲೆ ಹಿಂದೆ ಬಿದ್ದಾಗಲೇ ಅದರ ನಿಜ ಹೊರಬರುವುದು. ಆ ವರ್ಷದ ಒಳ್ಳೆಯ ಮೀನಿನ ದಿನಗಳೆಲ್ಲ ವರ್ಕ್‌ಶಾಪಿನಲ್ಲೇ ಕಳೆದವು.

ಅದಕ್ಕೇ ಹೇಳುವುದು, ಮೇ ತಿಂಗಳಲ್ಲೇ ಬಂದರಿಗೆ ಹೋಗಿ. ಯಾವ ಬೋಟು ಮಾರಾಟಕ್ಕಿದೆ ಅನ್ನುವುದು ಆ ಹೊತ್ತಿಗೆ ಬಾಯಿಂದ ಬಾಯಿಗೆ ಹರಡಿರುತ್ತದೆ. ಬೆಳಿಗ್ಗೆ ಹೋಗಿ ಸಂಜೆ ಬರುವ ಸಣ್ಣ ಟ್ರಾಲ್ ಆದರೆ ಒಂದು ದಿನ ಜೊತೆಗೇ ಹೋಗಿ ಬನ್ನಿ. ವಾರಗಟ್ಟಲೆ ಹೊರಗಿರುವ ಆಳಸಮುದ್ರದ ಬೋಟಾದರೆ ಎರಡು ಟ್ರಿಪ್ಪಿನ ನಡುವೆ ಮೂರು ಗಂಟೆ ಕೇಳಿ. ಡೀಸೆಲ್ ಖರ್ಚು ನಿಮ್ಮದೇ ಇರಲಿ. ನಾವು ಕಳೆದುಕೊಂಡದ್ದರ ಮುಂದೆ ಅದು ಏನೂ ಅಲ್ಲ.

ಹೋಗುವ ಮುನ್ನ

ಫೋನಿನಲ್ಲಿ ಮೊದಲೇ ಒಂದು ಮಾತು ಹೇಳಿ: "ನಾನು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ." ಇದು ತುಂಬ ಮುಖ್ಯ. ಸುಸ್ತಾದ ಎಂಜಿನ್ ಬಿಸಿ ಇರುವಾಗ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ. ತಣ್ಣಗಿದ್ದಾಗ ಮಾತ್ರ ತನ್ನ ರೋಗ ತೋರಿಸುತ್ತದೆ.

ಜೊತೆಗೆ ಒಬ್ಬ ಮೆಕ್ಯಾನಿಕ್ ಬೇಕು. ಮಾರುವವರ ಬೋಟಿಗೆ ಕೆಲಸ ಮಾಡುವವರು ಬೇಡ, ದಲ್ಲಾಳಿ ಕರೆತಂದವರೂ ಬೇಡ. ಆಗದಿದ್ದರೆ ಪಕ್ಕದ ಬಂದರಿನಿಂದ ಕರೆದುಕೊಂಡು ಬನ್ನಿ. ಅದೇ ಕಂಪನಿಯ ಎಂಜಿನ್ ಬಿಚ್ಚಿ ಜೋಡಿಸಿ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಅಶೋಕ್ ಲೇಲ್ಯಾಂಡ್ ಎಂಜಿನ್ ಬಲ್ಲವರು ನಮ್ಮ ಕರಾವಳಿಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ದೊಡ್ಡ ಚೀನಾ ಎಂಜಿನ್ ಆದರೆ ಸ್ವಲ್ಪ ಹುಡುಕಬೇಕು.

ಕೈಚೀಲದಲ್ಲಿ ಇರಬೇಕಾದವು: ಒಳ್ಳೆಯ ಟಾರ್ಚು, ಬಿಳಿ ಬಟ್ಟೆ, ಬಿಳಿ ಕಾಗದ, ಒಂದು ಸಣ್ಣ ಕನ್ನಡಿ, ಎರಡು ಮೂರು ಖಾಲಿ ಗಾಜಿನ ಬಾಟಲಿ, ಒಂದು ಅಯಸ್ಕಾಂತ. ಗನ್ನಿನ ಹಾಗೆ ಹಿಡಿದು ಬಿಸಿ ನೋಡುವ ಥರ್ಮಾಮೀಟರ್ ಸಿಕ್ಕರೆ ಅದನ್ನೂ ತನ್ನಿ. ಬೋಟಿನ ಮೀಟರುಗಳನ್ನು ನಂಬುವಂತಿಲ್ಲ. ಎಷ್ಟೋ ಬೋಟಿನಲ್ಲಿ ಅವು ಓಡುವುದೇ ಇಲ್ಲ.

ಸ್ಟಾರ್ಟ್ ಮಾಡುವ ಮೊದಲು

ಎಂಜಿನ್ ಬ್ಲಾಕಿನ ಮೇಲೆ ಅಂಗೈ ಇಡಿ. ತಣ್ಣಗಿರಬೇಕು. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. "ಸುಮ್ನೆ ಸ್ಟಾರ್ಟ್ ಮಾಡಿ ನೋಡಿದೆವು" ಅಂದರೆ, ನಾಳೆ ಬೆಳಿಗ್ಗೆ ಬರುತ್ತೇವೆ ಅಂತ ಹೇಳಿ ಎದ್ದು ಬನ್ನಿ.

ಮೊದಲು ಏನೂ ಮುಟ್ಟದೆ ಹತ್ತು ನಿಮಿಷ ಕಣ್ಣಾಡಿಸಿ. ಎಂಜಿನ್ ಕೋಣೆಯ ತಳದಲ್ಲಿ ನಿಂತ ನೀರಿನ ಮೇಲೆ ಎಣ್ಣೆ ಎಷ್ಟು ತೇಲುತ್ತಿದೆ? ಸ್ವಲ್ಪ ಇದ್ದೇ ಇರುತ್ತದೆ. ದಪ್ಪ ಕಪ್ಪು ಪದರ ಇದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಈಗಷ್ಟೇ ಒರೆಸಿ ಫಳಫಳ ಮಾಡಿಟ್ಟಿದ್ದರೂ ಜಾಗ್ರತೆ ಬೇಕು. ಓಡಿಸಿದ ಮೇಲೆ ಅದೇ ಜಾಗಕ್ಕೆ ಮತ್ತೆ ಬಂದು ನೋಡಿ.

ಹೊಸ ಬಣ್ಣ ಕಂಡರೆ ಕನ್ನಡಿ ತೆಗೆಯಿರಿ. ಮುಂದೆ ಬಳಿದವರು ಹಿಂದೆ ಬಳಿದಿರುವುದಿಲ್ಲ. ಹೆಡ್ಡಿನ ಹಿಂಬದಿ, ತಳದಲ್ಲಿ ಎಣ್ಣೆ ನಿಲ್ಲುವ ಆಯಿಲ್ ಸಂಪಿನ ಕೆಳಗೆ, ನೀರಿನ ಪಂಪಿನ ಅಡಿ, ಹೀಟ್ ಎಕ್ಸ್‌ಚೇಂಜರಿನ ತುದಿ. ಅಲ್ಲಿ ಉಪ್ಪಿನ ಬಿಳಿ ಗೆರೆ ಇಳಿದಿದೆಯಾ? ತುಕ್ಕಿನ ಕಣ್ಣೀರು ಹರಿದಿದೆಯಾ? ಉಪ್ಪಿನ ಗೆರೆ ಅಂದರೆ ಉಪ್ಪು ನೀರು ಹನಿಯುತ್ತಿದೆ, ಎಂಜಿನ್ ಬಿಸಿಗೆ ಆರುತ್ತಿದೆ ಅಂತ. ಹೆಡ್ಡಿನ ಬೋಲ್ಟುಗಳ ತಲೆ ನೋಡಿ. ಸ್ಪ್ಯಾನರ್ ಹಾಕಿ ಅಂಚು ಸವೆದಿದ್ದರೆ ಹೆಡ್ ಯಾವಾಗಲೋ ಇಳಿದಿದೆ. ಇಳಿಸಿದ್ದೇ ತಪ್ಪಲ್ಲ. ಯಾಕೆ ಇಳಿಸಿದರು, ಯಾರು ಮಾಡಿದರು ಅಂತ ಕೇಳಬೇಕು.

ಬೆಲ್ಟಿನ ಸುತ್ತ ಕಪ್ಪು ಪುಡಿ ಇದ್ದರೆ ಪುಲ್ಲಿಗಳು ಒಂದೇ ನೇರದಲ್ಲಿ ಇಲ್ಲದಿರಬಹುದು. ಹೋಸ್ ಪೈಪುಗಳನ್ನು ಒತ್ತಿ ನೋಡಿ. ಕಲ್ಲಿನಂತೆ ಗಟ್ಟಿಯಾಗಿದ್ದರೆ, ಹೆಡ್ಡಿನ ಸುತ್ತ ಬಣ್ಣ ಸುಟ್ಟು ಕಂದಿದ್ದರೆ, ಆ ಎಂಜಿನ್ ಒಮ್ಮೆಯಾದರೂ ಅತಿ ಬಿಸಿಯಾಗಿರಬಹುದು. ಎಂಜಿನ್ ಕೂತಿರುವ ಬೆಡ್ಡಿನ ಬೋಲ್ಟುಗಳು ಸಡಿಲವಾಗಿದ್ದರೆ, ಕೆಳಗಿನ ಮರ ಮೆತ್ತಗಾಗಿದ್ದರೆ, ಎಂಜಿನ್ ಎಷ್ಟೇ ಚೆನ್ನಾಗಿರಲಿ, ಪ್ರೊಪೆಲ್ಲರನ್ನು ತಿರುಗಿಸುವ ಶಾಫ್ಟ್ ನೇರ ನಿಲ್ಲುವುದಿಲ್ಲ.

ಎಣ್ಣೆ ಮತ್ತು ನೀರು

ಹೆಚ್ಚಿನ ರೋಗಗಳೆಲ್ಲ ಇಲ್ಲೇ ಸಿಗುತ್ತವೆ. ಅವಸರ ಮಾಡಬೇಡಿ.

ಆಯಿಲ್ ನೋಡುವ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿ. ಡೀಸೆಲ್ ಎಂಜಿನ್ನಿನ ಎಣ್ಣೆ ಕಪ್ಪಾಗಿರುವುದು ಸಹಜ. ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಎಣ್ಣೆಗೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಸಿಲಿಂಡರಿನ ಒಳಗೋಡೆಯಾದ ಲೈನರಿನ ರಬ್ಬರ್ ರಿಂಗ್ ಹೋಗಿರಬಹುದು. ಆಯಿಲ್ ಕೂಲರ್ ತೂತಾಗಿರಬಹುದು. ಯಾವುದೂ ಚಿಕ್ಕ ಕೆಲಸವಲ್ಲ.

ಎಣ್ಣೆ ಹೊಸದಾಗಿ, ಜೇನಿನಂತೆ ಹೊಳೆಯುತ್ತಿದ್ದರೆ ಖುಷಿಪಡಬೇಡಿ. ಮಾರುವ ಮುನ್ನ ಆಯಿಲ್ ಬದಲಿಸಿದ್ದಾರೆ ಅಂತಷ್ಟೇ ಅರ್ಥ. ಹಳೇ ಎಣ್ಣೆ ಏನು ಹೇಳುತ್ತಿತ್ತೋ ಅದು ಹೋಯಿತು. ಆಗ ಮೆಕ್ಯಾನಿಕ್ಕಿಗೆ ಹೇಳಿ ಸಂಪಿನ ಕೆಳಗಿನ ಡ್ರೈನ್ ಬೋಲ್ಟನ್ನು ಒಂದಿಷ್ಟೇ ಸಡಿಲಿಸಿ. ನೀರು ಎಣ್ಣೆಗಿಂತ ಭಾರ. ರಾತ್ರಿಯೆಲ್ಲ ಎಂಜಿನ್ ನಿಂತಿದ್ದರೆ ನೀರು ತಳಕ್ಕೆ ಇಳಿದಿರುತ್ತದೆ. ಮೊದಲು ಬರುವ ಹನಿಗಳನ್ನು ಗಾಜಿನ ಬಾಟಲಿಯಲ್ಲಿ ಹಿಡಿದರೆ ಕಣ್ಣಿಗೇ ಕಾಣುತ್ತದೆ. ಎಂಜಿನ್ ತಣ್ಣಗಿದ್ದಾಗಲೇ ಇದನ್ನು ಮಾಡಬೇಕು.

ಎಣ್ಣೆ ಕಡ್ಡಿಯ ಗುರುತಿಗಿಂತ ಮೇಲೆ ಇದ್ದು, ನೀರಿನ ಹಾಗೆ ತೆಳ್ಳಗಿದ್ದರೆ ಮೂಸಿ ನೋಡಿ. ಡೀಸೆಲ್ ವಾಸನೆ ಬಂದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸೋರುತ್ತಿದೆ, ಇಲ್ಲವೇ ಡೀಸೆಲ್ ಪಂಪಿನ ಸೀಲ್ ಹೋಗಿದೆ. ತೆಳುವಾದ ಎಣ್ಣೆ ಬೇರಿಂಗನ್ನು ತಿನ್ನುತ್ತದೆ. ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಹರಡಿ ಟಾರ್ಚು ಬಿಡಿ. ಮಿಣಮಿಣ ಹೊಳೆಯುವ ಪುಡಿ ಇದೆಯಾ? ಅಯಸ್ಕಾಂತಕ್ಕೆ ಅಂಟಿದರೆ ಅದು ಕಬ್ಬಿಣ ಅಥವಾ ಉಕ್ಕು. ಅಂದರೆ ಪಿಸ್ಟನ್ ರಿಂಗ್, ಲೈನರ್, ಗೇರಿನ ಸವೆತ. ಅಂಟದೆ ತಾಮ್ರದ ಬಣ್ಣದಲ್ಲಿ ಹೊಳೆದರೆ ಬೇರಿಂಗ್ ಅಥವಾ ಬುಷ್.

ದೊಡ್ಡ ಬೋಟು, ದೊಡ್ಡ ದುಡ್ಡು ಅನ್ನುವುದಾದರೆ ಒಂದು ಬಾಟಲಿ ಎಣ್ಣೆಯನ್ನು ಲ್ಯಾಬಿಗೆ ಕಳಿಸಿ. ಎಣ್ಣೆಯಲ್ಲಿ ಕಬ್ಬಿಣ, ತಾಮ್ರ, ಸೀಸ ಎಷ್ಟಿದೆ ಅಂತ ಅಳೆದು ಕೊಡುತ್ತಾರೆ. ಸೋಡಿಯಂ ಜಾಸ್ತಿ ಕಂಡರೆ ಉಪ್ಪು ನೀರು ಒಳಗೆ ಬಂದಿರಬಹುದು. ಆದರೆ ಇದಕ್ಕೆ ಕೆಲವು ಗಂಟೆ ಓಡಿದ ಎಣ್ಣೆ ಬೇಕು. ನಿನ್ನೆ ಹಾಕಿದ ಎಣ್ಣೆ ಏನನ್ನೂ ಹೇಳುವುದಿಲ್ಲ.

ಈಗ ತಂಪು ನೀರಿನ ಟ್ಯಾಂಕಿನ ಮುಚ್ಚಳ ತೆಗೆಯಿರಿ. ನೆನಪಿರಲಿ, ತಣ್ಣಗಿದ್ದಾಗ ಮಾತ್ರ. ಬಿಸಿ ಎಂಜಿನ್ನಿನ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರಿದ್ದಾರೆ. ನೀರಿನ ಮೇಲೆ ಎಣ್ಣೆಯ ಕಾಮನಬಿಲ್ಲು ಬಣ್ಣ ಇದೆಯಾ? ಒಳಗೆ ಬೆರಳು ಹಾಕಿದರೆ ಜಿಡ್ಡು ಹತ್ತುತ್ತದೆಯಾ? ಇಲ್ಲಿ ಒಂದು ಸೂಕ್ಷ್ಮ ಇದೆ. ಎಂಜಿನ್ ಓಡುವಾಗ ಎಣ್ಣೆಯ ಒತ್ತಡ ನೀರಿಗಿಂತ ಜಾಸ್ತಿ. ಆಯಿಲ್ ಕೂಲರಿನಲ್ಲಿ ತೂತಿದ್ದರೆ ಓಡುವಾಗ ಎಣ್ಣೆ ನೀರಿಗೆ ಹೋಗುತ್ತದೆ. ನಿಂತ ಮೇಲೆ ನೀರು ಎಣ್ಣೆಗೆ ಬರುತ್ತದೆ. ಆದ್ದರಿಂದ ಎಣ್ಣೆ, ನೀರು ಎರಡನ್ನೂ ನೋಡಬೇಕು. ಓಡಿಸುವ ಮುಂಚೆಯೂ ನೋಡಬೇಕು, ಓಡಿಸಿದ ಮಾರನೇ ದಿನವೂ ನೋಡಬೇಕು.

ಹೀಟ್ ಎಕ್ಸ್‌ಚೇಂಜರ್ ಇರುವ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಪೆನ್ಸಿಲಿನ ಆಕಾರದ ಸತುವಿನ ಕಡ್ಡಿ ಇರುತ್ತದೆ. ಉಪ್ಪು ನೀರು ಬೇರೆ ಲೋಹವನ್ನು ತಿನ್ನುವ ಬದಲು ಅದನ್ನು ತಿನ್ನಲಿ ಅಂತ ಇಟ್ಟದ್ದು. ಬಿಚ್ಚಿ ನೋಡಿ. ಅರ್ಧ ಸವೆದಿದ್ದರೆ ಚಿಂತೆಯಿಲ್ಲ, ಅದು ತನ್ನ ಕೆಲಸ ಮಾಡುತ್ತಿದೆ. ಕಡ್ಡಿಯೇ ಇಲ್ಲ, ಬರೀ ಬೋಲ್ಟು ಉಳಿದಿದೆ ಅಂದರೆ ಉಪ್ಪು ಈಗ ಕೊಳವೆಗಳನ್ನು ತಿನ್ನುತ್ತಿದೆ. ಈ ಬೋಟನ್ನು ಮಾಲೀಕರು ಹೇಗೆ ನೋಡಿಕೊಂಡರು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ತಳದ ಹೊರಗೆ ಪೈಪು ಹಾಯಿಸಿ ತಂಪು ಮಾಡುವ ಬೋಟಾದರೆ ಆ ಪೈಪು ಜಜ್ಜಿದೆಯಾ, ಅದರ ಮೇಲೆ ಚಿಪ್ಪು ಕಟ್ಟಿದೆಯಾ ಅಂತ ದಡದಲ್ಲಿದ್ದಾಗ ನೋಡಿ.

ಗೇರ್‌ಬಾಕ್ಸಿನ ಎಣ್ಣೆಯನ್ನು ಹೆಚ್ಚಿನವರು ಮರೆಯುತ್ತಾರೆ. ಅದೂ ಹಾಲಿನ ಬಣ್ಣ ಇರಬಾರದು, ಸುಟ್ಟ ವಾಸನೆ ಇರಬಾರದು. ಸುಟ್ಟ ವಾಸನೆ ಅಂದರೆ ಕ್ಲಚ್ ಪ್ಲೇಟು ಜಾರುತ್ತಿದೆ. ಡೀಸೆಲ್ ಫಿಲ್ಟರಿನ ಕೆಳಗೆ ನೀರು ಬೇರ್ಪಡಿಸುವ ಬಟ್ಟಲು ಇದ್ದರೆ ಅದನ್ನು ಬಾಟಲಿಗೆ ಬಿಡಿ. ನೀರು, ಕಪ್ಪು ಲೋಳೆ ಬಂದರೆ ಟ್ಯಾಂಕು ತೊಳೆಸಬೇಕು. ಇಂಜೆಕ್ಟರುಗಳ ಮೇಲೂ ಅನುಮಾನ ಇಡಬೇಕು.

ಸ್ಟಾರ್ಟ್, ಮತ್ತು ಹೊಗೆಯ ಬಣ್ಣ

ತಿಂಗಳುಗಟ್ಟಲೆ ನಿಂತ ಎಂಜಿನ್ ಆದರೆ ಮೊದಲು ಕೈಯಿಂದ ಎರಡು ಸುತ್ತು ತಿರುಗಿಸಲು ಹೇಳಿ. ಎಲ್ಲಾದರೂ ಹಿಡಿದರೆ ಬಲವಂತ ಬೇಡ. ಸರಾಗವಾಗಿ ತಿರುಗಿದರೆ ಸ್ಟಾರ್ಟ್ ಮಾಡಿ. ಒಬ್ಬರು ಮೇಲೆ ನಿಂತು ಹೊಗೆ ನೋಡಬೇಕು, ಒಬ್ಬರು ಕೆಳಗೆ ಎಂಜಿನ್ ಹತ್ತಿರ ಇರಬೇಕು. ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ, ಆಮೇಲೆ ಬೇರೆಯವರಿಗೆ ತೋರಿಸಲು ಆಗುತ್ತದೆ.

ನಮ್ಮ ಕರಾವಳಿಯ ಸೆಕೆಗೆ ಒಳ್ಳೆಯ ಡೀಸೆಲ್ ಎಂಜಿನ್ ಕೆಲವೇ ಸೆಕೆಂಡಿನಲ್ಲಿ ಹತ್ತಬೇಕು. ಬ್ಯಾಟರಿ ಚೆನ್ನಾಗಿದ್ದೂ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಕಾದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತುವ ಬಲ, ಇಳಿದಿದೆ, ಇಲ್ಲವೇ ಡೀಸೆಲ್ ಲೈನಿಗೆ ಗಾಳಿ ಸೇರುತ್ತಿದೆ.

ಮೊದಲ ಒಂದೆರಡು ನಿಮಿಷ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ತೊಂದರೆಯಿಲ್ಲ. ಬಿಸಿಯಾದ ಮೇಲೂ ಬಿಳಿ ಬರುತ್ತಿದ್ದರೆ ಎರಡು ಕಾರಣ ಇರಬಹುದು. ಕಣ್ಣು ಉರಿಸುವ ಡೀಸೆಲ್ ವಾಸನೆ ಇದ್ದರೆ ಡೀಸೆಲ್ ಉರಿಯದೆ ಹೊರಬರುತ್ತಿದೆ. ಘಾಟಿಲ್ಲದ ಹಬೆಯಾದರೆ ನೀರು ಸಿಲಿಂಡರಿಗೆ ಸೇರುತ್ತಿದೆ. ನೀಲಿ ಹೊಗೆ ಅಂದರೆ ಎಣ್ಣೆ ಉರಿಯುತ್ತಿದೆ. ರಿಂಗ್, ವಾಲ್ವ್ ಗೈಡ್, ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊದ ಸೀಲ್, ಇವುಗಳಲ್ಲೊಂದು ಹೋಗಿದೆ. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ಏರ್ ಫಿಲ್ಟರ್ ಕಟ್ಟಿರಬಹುದು, ಟರ್ಬೊ ಸೋತಿರಬಹುದು. ಲೋಡಿನಲ್ಲಿ ಮಾತ್ರ ಕಪ್ಪಾದರೆ ಎಂಜಿನ್ನಿಗೆ ಹೊರಲಾಗದ ಪ್ರೊಪೆಲ್ಲರ್ ಹಾಕಿರಲೂಬಹುದು.

ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳ ನಿಧಾನಕ್ಕೆ ತೆಗೆದು, ಅಲ್ಲೇ ಸಡಿಲವಾಗಿ ಇಡಿ. ಸಣ್ಣಗೆ ಹಬೆ ಬಂದರೆ ಸರಿ. ಮುಚ್ಚಳ ಕುಣಿದರೆ, ಉಗಿಬಂಡಿಯಂತೆ ಪುಸ್ ಪುಸ್ ಅಂತ ಹೊಗೆ ಹೊರಟರೆ, ರಿಂಗುಗಳು ಸವೆದು ಉರಿದ ಗಾಳಿ ಕೆಳಗಿಳಿಯುತ್ತಿದೆ. ಪೂರ್ತಿ ಬಿಚ್ಚುವ ಕೆಲಸ ಹತ್ತಿರದಲ್ಲೇ ಇದೆ.

ಹಳೇ ಕಾಲದ ಡೀಸೆಲ್ ಪಂಪು ಇರುವ ಎಂಜಿನ್ನಿನಲ್ಲಿ ಮೆಕ್ಯಾನಿಕ್‌ಗಳು ಒಂದು ಪರೀಕ್ಷೆ ಮಾಡುತ್ತಾರೆ. ಒಂದೊಂದೇ ಇಂಜೆಕ್ಟರಿನ ಪೈಪಿನ ನಟ್ಟು ಸಡಿಲಿಸುತ್ತಾರೆ. ಒಳ್ಳೆಯ ಸಿಲಿಂಡರ್ ಆದರೆ ಎಂಜಿನ್ ತಡವರಿಸುತ್ತದೆ, ಸದ್ದು ಬದಲಾಗುತ್ತದೆ. ಸಡಿಲಿಸಿದರೂ ಏನೂ ಬದಲಾಗದಿದ್ದರೆ ಆ ಸಿಲಿಂಡರ್ ಮೊದಲೇ ಸತ್ತಿದೆ. ಆದರೆ ಕಂಪ್ಯೂಟರ್ ಹಿಡಿತದಲ್ಲಿ ಓಡುವ ಹೊಸ ಕಾಲದ ಕಾಮನ್ ರೈಲ್ ಎಂಜಿನ್ನಿನಲ್ಲಿ ಇದನ್ನು ಎಂದಿಗೂ ಮಾಡಬಾರದು. ಅದರಲ್ಲಿ ಡೀಸೆಲ್ ಒತ್ತಡ 1000 ಬಾರ್‌ಗಿಂತ ಜಾಸ್ತಿ. ಆ ಚಿಮ್ಮು ಚರ್ಮ ತೂರಿ ಒಳಗೆ ಹೋಗುತ್ತದೆ, ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು. ಅಂಥ ಎಂಜಿನ್ನಿಗೆ ಕಂಪ್ಯೂಟರ್ ಹಾಕಿ ದೋಷದ ಕೋಡ್ ಓದುವವರನ್ನು ಕರೆಸಿ.

ಸಂಶಯ ಉಳಿದರೆ ಕಂಪ್ರೆಷನ್ ಅಳೆಯಿಸಿ. ಡೀಸೆಲ್ ಎಂಜಿನ್ನಿನಲ್ಲಿ ಮಾದರಿಗೆ ತಕ್ಕಂತೆ 350ರಿಂದ 450 ಪಿಎಸ್‌ಐ ಆಸುಪಾಸು ಇರುತ್ತದೆ. ಸಂಖ್ಯೆಗಿಂತ ಮುಖ್ಯವಾದದ್ದು ಅದು ಸಮನಾಗಿರುವುದು. ಎಲ್ಲ ಸಿಲಿಂಡರೂ ಹತ್ತಿರ ಹತ್ತಿರ ಇರಬೇಕು. ಒಂದು ಮಾತ್ರ ಶೇಕಡಾ 15ಕ್ಕಿಂತ ಜಾಸ್ತಿ ಇಳಿದಿದ್ದರೆ ಅದರಲ್ಲಿ ಏನೋ ಇದೆ.

ಕಡಲಿಗೆ ಹೋಗಿ ಓಡಿಸುವುದು

ಈವರೆಗೆ ಮಾಡಿದ್ದೆಲ್ಲ ಇದಕ್ಕೆ ತಯಾರಿ. ಮಲ್ಪೆಯಿಂದ ಹೊರಟರೆ ದರಿಯಾ ಬಹದ್ದೂರ್‌ಗಡ ದಾಟಿ ಸೇಂಟ್ ಮೇರೀಸ್ ದ್ವೀಪದ ಆಚೆ ಹೋಗಿ ಬನ್ನಿ. ಹತ್ತು ನಿಮಿಷ ದಕ್ಕೆಯ ಸುತ್ತ ತಿರುಗಿಸಿ ತೋರಿಸಿದರೆ ಒಪ್ಪಬೇಡಿ. ಎಂಜಿನ್ ಪೂರ್ತಿ ಬಿಸಿಯಾಗಲೇ ಇಪ್ಪತ್ತು ನಿಮಿಷ ಬೇಕು.

ಮೊದಲು ಗೇರು. ಹಗ್ಗ ಬಿಚ್ಚಿದ ಮೇಲೆ ಮುಂದೆ, ಹಿಂದೆ ಹಾಕಿಸಿ. ಹಾಕಿದ ಕೂಡಲೇ ಹಿಡಿಯಬೇಕು. ತಡವಾದರೆ, ಠಣ್ ಅಂತ ಹೊಡೆದರೆ, ತಪ್ಪು. ಹೊರಗೆ ಬಂದ ಮೇಲೆ ನಿಧಾನಕ್ಕೆ ವೇಗ ಏರಿಸಿ, ಕೊನೆಗೆ ಪೂರ್ತಿ ಕೊಡಿ. ಎಂಜಿನ್ನಿನ ಪ್ಲೇಟಿನ ಮೇಲೆ ಎಷ್ಟು ಆರ್‌ಪಿಎಂ ಅಂತ ಬರೆದಿರುತ್ತದೆ. ಅಲ್ಲಿ 1800 ಅಂತ ಇದ್ದರೆ ಬೋಟು ಓಡುವಾಗ 1800ರ ಹತ್ತಿರ ಮುಟ್ಟಬೇಕು. 1500ಕ್ಕೇ ಉಸಿರು ಕಟ್ಟಿ ಕಪ್ಪು ಹೊಗೆ ಉಗುಳಿದರೆ ಎಂಜಿನ್ ಸೋತಿದೆ, ಇಲ್ಲವೇ ಪ್ರೊಪೆಲ್ಲರ್ ಹೊಂದಿಲ್ಲ, ಇಲ್ಲವೇ ತಳಕ್ಕೆ ಚಿಪ್ಪು ಕಟ್ಟಿದೆ. ಮೂರರಲ್ಲಿ ಯಾವುದು ಅಂತ ಗೊತ್ತಾಗುವ ತನಕ ದರ ಮಾತಾಡಬೇಡಿ.

ಪೂರ್ತಿ ವೇಗದಲ್ಲಿ ಹತ್ತು ಹದಿನೈದು ನಿಮಿಷ, ಆಮೇಲೆ ಬಲೆ ಎಳೆಯುವ ವೇಗದಲ್ಲಿ ಒಂದು ಗಂಟೆ ಓಡಿಸಿ. ಮಾಲೀಕರು ಒಪ್ಪಿದರೆ ಬಲೆಯನ್ನೇ ಬಿಡಿಸಿ. ಟ್ರಾಲ್ ಬೋಟಿಗೆ ಅದೇ ನಿಜವಾದ ಲೋಡು. ಬೋಟು ನಿಧಾನಕ್ಕೆ ಸಾಗುತ್ತಿರುತ್ತದೆ, ಎಂಜಿನ್ ಮಾತ್ರ ಎತ್ತಿನ ಹಾಗೆ ಎಳೆಯುತ್ತಿರುತ್ತದೆ. ವಿಂಚು ಮೇನ್ ಎಂಜಿನ್ನಿನ ಬಲದಿಂದಲೇ ಓಡುವ ಬೋಟಾದರೆ ಬಲೆ ಎತ್ತುವಾಗ ಎಂಜಿನ್ ಎಷ್ಟು ಕುಗ್ಗುತ್ತದೆ ಅಂತಲೂ ಕೇಳಿಸಿಕೊಳ್ಳಿ.

ಐದೈದು ನಿಮಿಷಕ್ಕೆ ಬಿಸಿ, ಎಣ್ಣೆಯ ಒತ್ತಡ, ಆರ್‌ಪಿಎಂ ಬರೆದುಕೊಳ್ಳಿ. ಹೆಚ್ಚಿನ ಎಂಜಿನ್ನುಗಳಲ್ಲಿ ನೀರಿನ ಬಿಸಿ 75ರಿಂದ 90 ಡಿಗ್ರಿ ನಡುವೆ ಏರಿ ಅಲ್ಲೇ ನಿಲ್ಲಬೇಕು. ಏರುತ್ತಲೇ ಇದ್ದರೆ ತಂಪು ಮಾಡುವ ವ್ಯವಸ್ಥೆ ಸೋತಿದೆ. 60ರ ಮೇಲೆ ಏರದೇ ಇದ್ದರೆ ಥರ್ಮೋಸ್ಟಾಟ್ ಇದೆಯಾ ಅಂತ ಕೇಳಿ. ನಮ್ಮ ಮನೆಯವರಿಗೆ ಅವತ್ತು ಈ ಒಂದು ಪ್ರಶ್ನೆ ಕೇಳಲು ಗೊತ್ತಿರಲಿಲ್ಲ. ಎಣ್ಣೆಯ ಒತ್ತಡ ವೇಗದಲ್ಲಿ 3ರಿಂದ 5 ಬಾರ್ ಇರುವುದು ಸಾಮಾನ್ಯ. ಚೆನ್ನಾಗಿ ಬಿಸಿಯಾದ ಮೇಲೆ ಐಡಲ್‌ಗೆ, ಅಂದರೆ ಲೋಡ್ ಇಲ್ಲದ ಅತಿ ಕಡಿಮೆ ವೇಗಕ್ಕೆ, ಇಳಿಸಿ. ಆಗ 1 ಬಾರ್‌ಗಿಂತ ಕೆಳಗೆ ಬಿದ್ದರೆ ಬೇರಿಂಗುಗಳು ಸವೆದಿವೆ ಅಂತ ಅನುಮಾನಿಸಬೇಕು. ತಣ್ಣಗಿದ್ದಾಗ ಒತ್ತಡ ಎಷ್ಟೇ ಚೆನ್ನಾಗಿ ಕಂಡರೂ ಲೆಕ್ಕಕ್ಕಿಲ್ಲ. ಆಗ ಎಣ್ಣೆ ದಪ್ಪ ಇರುತ್ತದೆ.

ಓಡುತ್ತಿರುವಾಗಲೇ ಒಬ್ಬರು ಶಾಫ್ಟಿನ ಹತ್ತಿರ ಹೋಗಿ. ಬಟ್ಟೆ, ಲುಂಗಿ ಬಿಗಿಯಾಗಿ ಕಟ್ಟಿರಿ, ತಿರುಗುವ ಶಾಫ್ಟಿಗೆ ಬಟ್ಟೆ ಸಿಕ್ಕರೆ ಜೀವಕ್ಕೇ ಕುತ್ತು. ಶಾಫ್ಟ್ ಬೋಟಿನಿಂದ ಹೊರಗೆ ಹೋಗುವ ಕಡೆ ನೀರು ತಡೆಯುವ ಗ್ಲ್ಯಾಂಡ್ ಇರುತ್ತದೆ. ಪ್ಯಾಕಿಂಗ್ ಇರುವ ಗ್ಲ್ಯಾಂಡಿನಿಂದ ನಿಮಿಷಕ್ಕೆ ಕೆಲವು ಹನಿ ಬೀಳುವುದು ಸರಿ. ಧಾರೆ ಬಂದರೂ ತಪ್ಪು, ಒಂದು ಹನಿಯೂ ಬಾರದೆ ಗ್ಲ್ಯಾಂಡ್ ಸುಡುತ್ತಿದ್ದರೂ ತಪ್ಪು. ಒಂದು ನಿರ್ದಿಷ್ಟ ವೇಗದಲ್ಲಿ ಇಡೀ ಬೋಟು ನಡುಗಿದರೆ ಶಾಫ್ಟ್ ಬಾಗಿರಬಹುದು, ಪ್ರೊಪೆಲ್ಲರಿನ ಒಂದು ಎಲೆ ಹೊಡೆತ ತಿಂದಿರಬಹುದು. ಬಲೆ, ಹಗ್ಗ ಸುತ್ತಿಕೊಂಡ ಬೋಟುಗಳಿಗೆ ಇದು ತೀರಾ ಸಾಮಾನ್ಯ.

ವಾಪಸು ಬಂದ ಮೇಲೆ ಐದು ನಿಮಿಷ ಐಡಲ್‌ನಲ್ಲಿ ಬಿಡಿ, ಟರ್ಬೊ ತಣಿಯಲಿ. ನಿಲ್ಲಿಸಿ. ಟಾರ್ಚು ಹಿಡಿದು ಬೆಳಿಗ್ಗೆ ನೋಡಿದ ಜಾಗಗಳನ್ನೆಲ್ಲ ಮತ್ತೆ ನೋಡಿ. ಮರುದಿನ ಬೆಳಿಗ್ಗೆ ಹೋಗಿ ಆಯಿಲ್ ಕಡ್ಡಿ ಮತ್ತೊಮ್ಮೆ ಎಳೆಯಿರಿ.

ಬೋಟು ಓಡಿಸುವ ತಾಂಡೇಲರ ಜೊತೆ ಬೇರೆಯಾಗಿ ಕೂತು ಚಹಾ ಕುಡಿಯಿರಿ. ಟ್ರಿಪ್ಪಿಗೆ ಎಷ್ಟು ಆಯಿಲ್ ಹಾಕುತ್ತೀರಿ, ಕಡಲಲ್ಲಿ ಕೊನೆಯ ಸಲ ನಿಂತದ್ದು ಯಾವಾಗ ಅಂತ ಕೇಳಿ. ಗಂಟೆ ಮೀಟರಿಗಿಂತ ಅವರ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಮೀಟರ್ ಬದಲಿಸಬಹುದು. ಎಂಜಿನ್ ಪಕ್ಕ ರಾತ್ರಿ ಕಳೆದವರಿಗೆ ಅದರ ಉಸಿರು ಗೊತ್ತಿರುತ್ತದೆ.

ಜೂನ್ ಬಂದೇಬಿಟ್ಟಿದ್ದರೆ

ಬೋಟು ನೀರಿನಲ್ಲಿದ್ದರೆ ದಕ್ಕೆಗೆ ಗಟ್ಟಿಯಾಗಿ ಕಟ್ಟಿ, ಗೇರ್ ಹಾಕಿ, ಅರ್ಧ ಗಂಟೆ ಎಳೆಯಿಸಬಹುದು. ಹಗ್ಗ, ಕಟ್ಟುವ ಕಂಬ ಎರಡೂ ಗಟ್ಟಿಯಿರಬೇಕು. ಅಡಿಯಲ್ಲಿ ಕೆಸರಿದ್ದರೆ ಉಬ್ಬರದ ಹೊತ್ತು ನೋಡಿ ಮಾಡಿ, ಇಲ್ಲದಿದ್ದರೆ ಕೆಸರೆಲ್ಲ ಕೂಲಿಂಗ್ ಪೈಪಿಗೆ ಹೋಗುತ್ತದೆ. ನಿಂತ ಬೋಟಿನಲ್ಲಿ ಆರ್‌ಪಿಎಂ ಸ್ವಲ್ಪ ಕಡಿಮೆಯೇ ಬರುತ್ತದೆ. ಆದರೆ ಬಿಸಿ ಏರುತ್ತದೆಯಾ ಇಲ್ಲವಾ ಅನ್ನುವುದು ಇದರಲ್ಲೂ ಗೊತ್ತಾಗುತ್ತದೆ.

ದಡದಲ್ಲಿದ್ದರೆ ಎಣ್ಣೆ, ಕಂಪ್ರೆಷನ್, ಹೀಟ್ ಎಕ್ಸ್‌ಚೇಂಜರಿನ ತುದಿ ಬಿಚ್ಚಿ ಕೊಳವೆ ನೋಡುವುದು, ಇಷ್ಟನ್ನಾದರೂ ಮಾಡಿಸಿ. ಸಮುದ್ರದ ನೀರೆಳೆಯುವ ಪಂಪಿನಲ್ಲಿ ರಬ್ಬರಿನ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಇದ್ದರೆ ನೀರಿಲ್ಲದೆ ಓಡಿಸಲು ಬಿಡಬೇಡಿ, ಅದು ಬೇಗ ಸುಟ್ಟುಹೋಗುತ್ತದೆ. ಹೋಸಿನಿಂದ ನೀರು ಕೊಟ್ಟು ಓಡಿಸಬೇಕು. ಮುಖ್ಯವಾಗಿ, ಪೂರ್ತಿ ದುಡ್ಡು ಕೊಡಬೇಡಿ. ಆಗಸ್ಟ್‌ನಲ್ಲಿ ಕಡಲಿಗೆ ಹೋಗಿ ಬಂದ ಮೇಲೆ ಉಳಿದದ್ದು ಅಂತ ಒಂದು ದೊಡ್ಡ ಮೊತ್ತ ಹಿಡಿದಿಡಿ. ಯಾವ ದೋಷ ಬಂದರೆ ಯಾರು ಖರ್ಚು ಕೊಡಬೇಕು ಅಂತ ಛಾಪಾ ಕಾಗದದ ಮೇಲೆ ಬರೆಸಿ. ತಮ್ಮ ಎಂಜಿನ್ನಿನ ಮೇಲೆ ನಂಬಿಕೆ ಇರುವವರು ಇದಕ್ಕೆ ಒಪ್ಪುತ್ತಾರೆ.

ಔಟ್‌ಬೋರ್ಡ್ ಮೋಟಾರು

ನಾಡದೋಣಿಯವರಿಗೆ ನೋಡುವುದು ಸುಲಭ, ಮೋಸ ಹೋಗುವುದೂ ಸುಲಭ. ಯಮಹಾ ಇರಲಿ, ಸುಜುಕಿ ಇರಲಿ, ಮೊದಲು ಮೇಲಿನ ಮುಚ್ಚಳ ತೆಗೆಯಿರಿ. ಒಳಗೆ ಸಂದಿಯಲ್ಲೆಲ್ಲ ಉಪ್ಪು, ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ, ತಂತಿಗಳ ತುದಿಯಲ್ಲಿ ಹಸಿರು ಕಿಲುಬು ಇದ್ದರೆ ಆ ಮೋಟಾರು ಒಮ್ಮೆ ಕಡಲಲ್ಲಿ ಮುಳುಗಿ ಎದ್ದಿರಬಹುದು. ದೋಣಿ ಮಗುಚಿದಾಗ ಹೀಗಾಗುತ್ತದೆ. ಅಂಥದ್ದು ಬೇಡ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಕೆಳಗಿನ ಗೇರಿನ ಸ್ಕ್ರೂ ತೆಗೆದು ಒಂದಿಷ್ಟು ಎಣ್ಣೆ ಬಿಡಿ. ಹಾಲಿನ ಬಣ್ಣ ಬಂದರೆ ಸೀಲ್ ಹೋಗಿ ಉಪ್ಪು ನೀರು ಗೇರಿಗೆ ಸೇರಿದೆ. ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿ, ಶಾಫ್ಟ್ ಓಲಾಡುತ್ತದೆಯಾ ನೋಡಿ. ಪ್ಲಗ್ಗುಗಳನ್ನು ಬಿಚ್ಚಿ ಒಂದರ ಪಕ್ಕ ಒಂದಿಡಿ. ಎಲ್ಲ ಒಂದೇ ಬಣ್ಣ ಇರಬೇಕು. ಕಂಪ್ರೆಷನ್ನೂ ಹಾಗೆಯೇ. ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ ಸ್ಟಾರ್ಟ್ ಮಾಡಿದ ಕೂಡಲೇ ಹಿಂದಿನ ಸಣ್ಣ ತೂತಿನಿಂದ ನೀರು ಚಿಮ್ಮಬೇಕು. ಚಿಮ್ಮದಿದ್ದರೆ ತಕ್ಷಣ ನಿಲ್ಲಿಸಿ.

ಸೀಮೆಎಣ್ಣೆಯಲ್ಲಿ ಓಡುವ ಮೋಟಾರಾದರೆ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ. ಆ ಬದಲಾವಣೆಯ ಹೊತ್ತಿನಲ್ಲಿ ತಡವರಿಸದೆ ಓಡಬೇಕು. ಪೆಟ್ರೋಲಿನಲ್ಲಿ ಮಾತ್ರ ಓಡಿಸಿ ತೋರಿಸಿದರೆ ಅರ್ಧವೇ ತೋರಿಸಿದ ಹಾಗೆ.

ನಂಬರು, ದರ, ಮತ್ತು ಕೊಂಡ ದಿನದ ಕೆಲಸ

ಎಂಜಿನ್ ಬ್ಲಾಕಿನ ಮೇಲೆ ಕೊರೆದ ನಂಬರು, ಪ್ಲೇಟಿನ ನಂಬರು, ಬೋಟಿನ ನೋಂದಣಿ ಪತ್ರದ ನಂಬರು, ಮೂರೂ ಒಂದೇ ಇರಬೇಕು. ಎಷ್ಟೋ ಜನ ಎಂಜಿನ್ ಬದಲಿಸಿ ದಾಖಲೆ ಬದಲಿಸಿರುವುದಿಲ್ಲ. ಕರರಹಿತ ಡೀಸೆಲ್, ವಿಮೆ ಎಲ್ಲಕ್ಕೂ ದಾಖಲೆ ಬೇಕು. ಆಮೇಲೆ ಅಲೆಯುವುದು ನೀವು. ಬೋಟಿನ ಮೇಲೆ ಸಾಲ ಬಾಕಿ ಇದೆಯಾ ಅಂತಲೂ ಮೀನುಗಾರಿಕಾ ಇಲಾಖೆಯ ಕಚೇರಿಯಲ್ಲಿ, ಸಾಲ ಕೊಟ್ಟ ಬ್ಯಾಂಕಿನಲ್ಲಿ ವಿಚಾರಿಸಿ.

ದೋಷ ಇಲ್ಲದ ಹಳೇ ಎಂಜಿನ್ ಇಲ್ಲ. ಇಂಪೆಲ್ಲರ್, ಹೋಸು, ಬೆಲ್ಟು, ಬ್ಯಾಟರಿ, ಸತುವಿನ ಕಡ್ಡಿ, ಇವೆಲ್ಲ ಸಣ್ಣ ಖರ್ಚು. ಪಟ್ಟಿ ಮಾಡಿ ದರದಲ್ಲಿ ಇಳಿಸಿಕೊಳ್ಳಿ. ಇಂಜೆಕ್ಟರ್, ಟರ್ಬೊ, ಗೇರಿನ ಕ್ಲಚ್ಚಾದರೆ ವರ್ಕ್‌ಶಾಪಿನಿಂದ ಅಂದಾಜು ಬರೆಸಿಕೊಂಡು ಬಂದು ಮಾತಾಡಿ. ಎಣ್ಣೆಯಲ್ಲಿ ನೀರು, ಕಡಿಮೆ ಕಂಪ್ರೆಷನ್, ಬಿಸಿಯಲ್ಲಿ ಬೀಳುವ ಒತ್ತಡ, ಈ ಮೂರರಲ್ಲಿ ಯಾವುದು ಕಂಡರೂ ಅದನ್ನು ಬೇರೆ ಎಂಜಿನ್ ಬೇಕಾದ ಬೋಟು ಅಂತಲೇ ಲೆಕ್ಕ ಹಾಕಿ. ಬರೀ ಒಡಲಿಗೆ ಎಷ್ಟು ಬೆಲೆಯೋ ಅಷ್ಟು ಮಾತ್ರ ಹೇಳಿ.

ಕೊಂಡ ಮೇಲೆ ಮೊದಲ ಟ್ರಿಪ್ಪಿಗೆ ಮುಂಚೆ ಎಂಜಿನ್ ಆಯಿಲ್, ಗೇರ್ ಆಯಿಲ್, ಎಲ್ಲ ಫಿಲ್ಟರು, ಇಂಪೆಲ್ಲರ್ ಬದಲಿಸಿ. ತೆಗೆದ ಆಯಿಲ್ ಫಿಲ್ಟರನ್ನು ಎಸೆಯಬೇಡಿ. ಹ್ಯಾಕ್ಸಾ ಪುಡಿ ಒಳಗೆ ಬೀಳದ ಹಾಗೆ ಡಬ್ಬಿಯ ಬಾಯಿ ಕತ್ತರಿಸಿ, ಒಳಗಿನ ಮಡಿಕೆ ಕಾಗದ ಬಿಡಿಸಿ, ಬಿಸಿಲಿಗೆ ಹಿಡಿದು ನೋಡಿ. ಹತ್ತು ದಿನ ಓಡಿಸಿದ ಮೇಲೆ ಹೊಸ ಫಿಲ್ಟರನ್ನೂ ಹೀಗೇ ಬಿಚ್ಚಿ, ಎರಡನ್ನೂ ಪಕ್ಕಪಕ್ಕ ಇಟ್ಟು ಹೊಳೆಯುವ ಪುಡಿ ಜಾಸ್ತಿಯಾಗಿದೆಯಾ, ಕಡಿಮೆಯಾಗಿದೆಯಾ ಅಂತ ಹೋಲಿಸಿ.